ಇಟಲಿಯ ಖಾನಾವಳಿ ಹೇಳುವ ಇತಿಹಾಸ

ಇಟಲಿಯ ಏಕೀಕರಣದ ಪಾಠವನ್ನು ನಾವೆಲ್ಲರೂ ಓದಿದ್ದೇವೆ. ನನ್ನಂಥವರು ವರ್ಷಾನುವರ್ಷ ಕಲಿಸಿಯೂ ಇದ್ದೇವೆ. ಮ್ಯಾಜಿನಿ, ಗ್ಯಾರಿಬಾಲ್ಡಿ, ಕೌಂಟ್ ಕವೂರ್... ಮೂರು ಹೆಸರು, ನಾಲ್ಕು ಇಸವಿ, ಒಂದು ನಕಾಶೆ. ಪರೀಕ್ಷೆ ಮುಗಿಯಿತೆಂದರೆ ಇಟಲಿಯೂ ಮುಗಿಯಿತು! 1861ರಲ್ಲಿ ಒಂದೇ ರಾಜ್ಯವಾದ ಆ ದೇಶದ ಜನ ಏನು ಉಣ್ಣುತ್ತಿದ್ದರು, ಮನೆಯಲ್ಲಿ ಯಾವ ಮಾತಾಡುತ್ತಿದ್ದರು ಎಂಬುದು ಪಾಠದಲ್ಲಿ ಬರುವುದಿಲ್ಲ.

ಕವೂರ್ ಹದಿನೇಳು ವರ್ಷ ಗ್ರಿಂಜಾನೆ ಎಂಬ ಸಣ್ಣ ಹಳ್ಳಿಯ ಮೇಯರ್ ಆಗಿದ್ದ. ಅದು ಪೀಡ್‌ಮಾಂಟ್ ಪ್ರಾಂತದ ಲಾಂಗೆ ಎಂಬ ದ್ರಾಕ್ಷಿತೋಟಗಳ ಗುಡ್ಡನಾಡಿನಲ್ಲಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಬ್ರಾ ಎಂಬ ಊರು. 1984ರಲ್ಲಿ ಆ ಊರಿನ ಒಂದು ಹಳೆಯ ಓಣಿಯಲ್ಲಿ ‘ಬೊಕ್ಕೊಂದಿವೀನೊ’ ಎಂಬ ಖಾನಾವಳಿ ಶುರುವಾಯಿತು. ‘ದೇವರ ತುತ್ತು’ ಎಂದು ಹೆಸರಿನ ಅರ್ಥ. ಜಗತ್ತಿಗೆಲ್ಲ ಹಬ್ಬಿದ ‘ಸ್ಲೋ ಫುಡ್’, ಅಂದರೆ ನಿಧಾನದ ಊಟದ ಚಳವಳಿ ಬೆಳೆದದ್ದು ಅಲ್ಲಿಯೇ. ಇಂಥ ಖಾನಾವಳಿಯ ಊಟದ ಪಟ್ಟಿಯನ್ನು ಇತಿಹಾಸದ ದಾಖಲೆಯ ಹಾಗೆ ಓದಿದರೆ ಏನೇನು ಸಿಗುತ್ತದೆ ನೋಡೋಣ ಬನ್ನಿ, ಓದುಗ ಮಿತ್ರರೇ.

ಮೊದಲು ಮಾತಿನ ವಿಷಯ. ಇಟಲಿ ಒಂದಾದಾಗ ಇಟಾಲಿಯನ್ ಭಾಷೆ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರ ಎಂದು ಭಾಷಾ ವಿದ್ವಾಂಸ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದ್ದಾರೆ. ಅಷ್ಟು ಕಡಿಮೆಯಲ್ಲ, ಹತ್ತರ ಹತ್ತಿರ ಎಂದವರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ ಉಳಿದ ಜನರದ್ದೆಲ್ಲ ಪೀಡ್‌ಮಾಂಟಿನ ಮಾತು, ವೆನಿಸ್ಸಿನ ಮಾತು, ನೇಪಲ್ಸಿನ ಮಾತು, ಸಿಸಿಲಿಯ ಮಾತು. ಕವೂರ್‌ನಿಗೇ ಇಟಾಲಿಯನ್ನಿಗಿಂತ ಫ್ರೆಂಚ್ ಸಲೀಸು. ಅಡುಗೆಯದೂ ಇದೇ ಸ್ಥಿತಿ. ಊರೂರಿಗೆ ಬೇರೆ ಅಡುಗೆ, ಒಂದೇ ಅಡುಗೆಗೆ ಊರೂರಿಗೆ ಬೇರೆ ಹೆಸರು.

ಇದನ್ನು ಒಂದು ಪುಸ್ತಕಕ್ಕೆ ತಂದವನು ರಾಜಕಾರಣಿಯಲ್ಲ, ರೇಷ್ಮೆ ವ್ಯಾಪಾರ ಮಾಡಿ ನಿವೃತ್ತನಾಗಿದ್ದ ಪೆಲ್ಲೆಗ್ರಿನೊ ಅರ್ತೂಸಿ. ಫೋರ್ಲಿಂಪೊಪೊಲಿ ಎಂಬ ಊರಿನವನು, 1820ರಲ್ಲಿ ಹುಟ್ಟಿದವನು. 1851ರಲ್ಲಿ ದರೋಡೆಕೋರರು ಆ ಊರಿನ ಮೇಲೆ ಬಿದ್ದ ನಂತರ ಅವನ ಕುಟುಂಬ ಫ್ಲಾರೆನ್ಸಿಗೆ ಗುಳೆ ಹೋಯಿತು. 1891ರಲ್ಲಿ, ಪ್ರಕಾಶಕರು ಯಾರೂ ಮುಂದೆ ಬಾರದ್ದಕ್ಕೆ, ತನ್ನ ಕೈಯಿಂದಲೇ ಹಣ ಹಾಕಿ ಅಡುಗೆಯ ಪುಸ್ತಕ ಅಚ್ಚು ಮಾಡಿಸಿದ. ಮೊದಲ ಮುದ್ರಣದಲ್ಲಿ 475 ಅಡುಗೆಗಳಿದ್ದವು. ಓದಿದ ಗೃಹಿಣಿಯರು ಊರೂರಿನಿಂದ ಕಾಗದ ಬರೆದರು: ನಮ್ಮಲ್ಲಿ ಹೀಗೆ ಮಾಡುವುದಿಲ್ಲ, ಹಾಗೆ ಮಾಡುತ್ತೇವೆ ಎಂದು. ಅರ್ತೂಸಿ ಅದನ್ನೆಲ್ಲ ಮನೆಯಲ್ಲಿ ಮಾಡಿಸಿ ನೋಡಿ, ಸರಿ ಅನಿಸಿದ್ದನ್ನು ಸೇರಿಸುತ್ತ ಹೋದ. 1911ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಸಂಖ್ಯೆ 790ಕ್ಕೆ ಮುಟ್ಟಿತ್ತು. ಪುಸ್ತಕದ ಹಕ್ಕನ್ನು ತನ್ನ ಮನೆಯ ಅಡುಗೆಯವರಿಬ್ಬರಿಗೆ ಬರೆದುಕೊಟ್ಟು ಹೋದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸೈನ್ಯದಿಂದ ಒಂದಾದ ದೇಶವನ್ನು ಅಡುಗೆಮನೆಯ ಮಾತಿನಿಂದ ಒಂದು ಮಾಡಿದ್ದು ಈ ಪುಸ್ತಕ, ಮಂಜೋನಿಯ ಹೆಸರಾಂತ ಕಾದಂಬರಿಗಿಂತ ಹೆಚ್ಚಿನ ಕೆಲಸ ಇದರಿಂದಾಯಿತು ಎಂದು ಪಿಯೆರೊ ಕಾಂಪೊರೆಸಿ ಎಂಬ ವಿದ್ವಾಂಸರು 1970ರಲ್ಲಿ ವಾದಿಸಿದರು. ಆದರೆ ಅರ್ತೂಸಿಯ ಇಟಲಿ ಹೆಚ್ಚಾಗಿ ಟಸ್ಕನಿ ಮತ್ತು ಅವನ ತವರು ಸೀಮೆಯ ಇಟಲಿ. ದಕ್ಷಿಣದ ಅಡುಗೆಗೆ ಅದರಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಒಂದು ಮಾಡುವಾಗ ಯಾರನ್ನು ಬಿಟ್ಟೆವು ಎಂಬ ಪ್ರಶ್ನೆ ಗಡಿಯಲ್ಲಿರುವ ನಮಗೆ ಬೇಗ ಹೊಳೆಯುತ್ತದೆ.

ಇನ್ನು ಖಾನಾವಳಿ. ಇಟಲಿಯಲ್ಲಿ ಊಟದ ಮನೆಗೆ ಮೂರು ಹೆಸರುಗಳಿವೆ: ಒಸ್ತೆರಿಯಾ, ತ್ರತ್ತೊರಿಯಾ, ರಿಸ್ತೊರಾಂತೆ. ಕೊನೆಯದು ಫ್ರೆಂಚರಿಂದ ಬಂದ ಶ್ರೀಮಂತ ಹೆಸರು. ನಡುವಿನದರ ಬೇರೂ ಫ್ರೆಂಚಿನಲ್ಲೇ ಇದೆ. ಒಸ್ತೆರಿಯಾ ಮಾತ್ರ ಬಹಳ ಹಳೆಯದು, ಅತಿಥಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಮೊದಲು ಅಲ್ಲಿ ಮುಖ್ಯವಾಗಿ ಸಿಗುತ್ತಿದ್ದದ್ದು ದ್ರಾಕ್ಷಾರಸ ಮಾತ್ರ. ಜನ ಮನೆಯಿಂದ ಅರಿವೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದು, ರಸ ತೆಗೆದುಕೊಂಡು, ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಬೊಲೊನ್ಯಾ ನಗರದಲ್ಲಿ 1465ರಿಂದ ಇದೆ ಎಂದು ಹೇಳಿಕೊಳ್ಳುವ ‘ಒಸ್ತೆರಿಯಾ ದೆಲ್ ಸೋಲೆ’ಯಲ್ಲಿ ಈಗಲೂ ಅದೇ ಪದ್ಧತಿ: ಕುಡಿಯಲು ಅವರದು, ತಿನ್ನಲು ನಿಮ್ಮದು. ಹೊಸ ರಸ ಬಂದಿದೆ ಎಂದು ತಿಳಿಸಲು ಬಾಗಿಲಿಗೆ ಹಸಿರು ಟೊಂಗೆ ಕಟ್ಟುವ ರೂಢಿಯಿತ್ತು. ಓದು ಬಾರದವರಿಗೂ ತಿಳಿಯುವ ಬೋರ್ಡು ಅದು. ಕ್ರಮೇಣ ಯಜಮಾನನ ಹೆಂಡತಿ ಒಳಗೆ ಒಲೆ ಹಚ್ಚಿದಳು. ಅಂದು ಮನೆಯಲ್ಲಿ ಮಾಡಿದ್ದೇ ಅಂದಿನ ಊಟ. ನಮ್ಮ ಸೊಲ್ಲಾಪುರದ ಕಡೆ ಖಾನಾವಳಿ ಎಂದರೆ ಏನು ಅರ್ಥವೋ ಹೆಚ್ಚು ಕಡಿಮೆ ಅದೇ: ದುಡಿಯುವವರ ಊಟದ ಮನೆ.

ಎರಡನೆಯ ಮಹಾಯುದ್ಧದ ನಂತರ ಇವು ಒಂದೊಂದಾಗಿ ಮುಚ್ಚಿದವು. ಕಾರಣ ಸರಳ. 1951ರಲ್ಲಿ ಇಟಲಿಯ ದುಡಿಯುವ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಒಕ್ಕಲುತನದಲ್ಲಿದ್ದರು. ಇಪ್ಪತ್ತು ವರ್ಷದಲ್ಲಿ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಜನ ಟ್ಯೂರಿನ್ನಿನ ಫಿಯೆಟ್ ಕಾರಖಾನೆಗೆ ಹೋದರು. ಆಲ್ಬಾ ಊರಿನ ಫೆರೇರೊ ಚಾಕೊಲೇಟ್ ಕಾರಖಾನೆ ಲಾಂಗೆಯ ಹಳ್ಳಿಗಳಿಗೆ ಬಸ್ ಕಳಿಸಿ ಕೆಲಸಗಾರರನ್ನು ಕರೆಸಿಕೊಳ್ಳುತ್ತಿತ್ತು. ನಮ್ಮ ಮಕ್ಕಳಿಗೂ ಗೊತ್ತಿರುವ ನುಟೆಲ್ಲಾ 1964ರಲ್ಲಿ ಹುಟ್ಟಿದ್ದು ಅಲ್ಲಿಯೇ. ಮಧ್ಯಾಹ್ನದ ಊಟ ಕಾರಖಾನೆಯ ಭೋಂಗಾಕ್ಕೆ ತಕ್ಕಂತೆ ಗಡಿಬಿಡಿಯ ಊಟವಾಯಿತು.

1986 ಇದಕ್ಕೆಲ್ಲ ಒಂದು ತಿರುವು. ಆ ಮಾರ್ಚ್ ತಿಂಗಳಲ್ಲಿ ಎರಡು ಘಟನೆಗಳು ನಡೆದವು. ರೋಮಿನ ಹೆಸರಾಂತ ಸ್ಪೇನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಬಾಗಿಲು ತೆರೆಯಿತು. ಜನ ಪ್ರತಿಭಟಿಸಿದರು, ಪತ್ರಿಕೆಗಳಲ್ಲಿ ಗದ್ದಲವಾಯಿತು, ಅಂಗಡಿ ಮಾತ್ರ ಮುಚ್ಚಲಿಲ್ಲ. ಎಲ್ಲರೂ ಹೇಳುವ ಕತೆ ಇದು. ಇದಕ್ಕಿಂತ ದೊಡ್ಡದು ಎರಡನೆಯದು ಎಂದು ನನ್ನ ಅಭಿಪ್ರಾಯ. ಮೆಥನಾಲ್ ಎಂಬ ವಿಷದ ಆಲ್ಕೊಹಾಲ್ ಬೆರೆಸಿದ ಅಗ್ಗದ ದ್ರಾಕ್ಷಾರಸ ಕುಡಿದು ಇಪ್ಪತ್ತರಷ್ಟು ಜನ ಸತ್ತರು, ಇನ್ನು ಕೆಲವರು ಕಣ್ಣು ಕಳೆದುಕೊಂಡರು. ಆ ರಸ ಹೊರಬಿದ್ದದ್ದು ಬ್ರಾ ಇರುವ ಕೂನೆಯೊ ಜಿಲ್ಲೆಯಿಂದಲೇ. ನಮ್ಮಲ್ಲಿ ಕಳ್ಳಭಟ್ಟಿ ದುರಂತದ ಸುದ್ದಿ ಓದಿದವರಿಗೆ ಇದರ ನೋವು ವಿವರಿಸಬೇಕಿಲ್ಲ. ರಸದ ಮೇಲೆಯೇ ಬದುಕಿದ ಸೀಮೆಗೆ ತನ್ನ ಹೆಸರೇ ಹೋದಂತಾಯಿತು. ಅದೇ ವರ್ಷ ಜುಲೈಯಲ್ಲಿ ಲಾಂಗೆಯಲ್ಲಿ ‘ಆರ್ಚಿಗೋಲಾ’ ಎಂಬ ಸಂಘ ಹುಟ್ಟಿತು. ಮುಂದಾಳು ಕಾರ್ಲೊ ಪೆತ್ರೀನಿ, ಬ್ರಾ ಊರಿನವರು, 1949ರಲ್ಲಿ ಜನಿಸಿದವರು, ಎಡಪಂಥದ ಪತ್ರಕರ್ತರು. 1989ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಹದಿನೈದು ದೇಶಗಳ ಪ್ರತಿನಿಧಿಗಳು ಸೇರಿ ಸ್ಲೋ ಫುಡ್ ಪ್ರಣಾಳಿಕೆಗೆ ಸಹಿ ಹಾಕಿದರು. ಗುರುತು ಬಸವನಹುಳು!

ಮರುವರ್ಷ, 1990ರಲ್ಲಿ, ಅವರು ‘ಒಸ್ತೆರಿಯೆ ದಿತಾಲಿಯಾ’ ಎಂಬ ಪುಸ್ತಕ ತಂದರು. ಉಳಿದಿರುವ ಒಳ್ಳೆಯ ಖಾನಾವಳಿಗಳನ್ನು ಪ್ರಾಂತವಾರು ಹುಡುಕಿ ಬರೆದ ಪಟ್ಟಿ ಅದು. ಶಿಕ್ಷಕರು ಅದರ ಉಪಶೀರ್ಷಿಕೆಯನ್ನು ಗಮನಿಸಬೇಕು. ಅದರಲ್ಲಿ ‘ಸುಸ್ಸಿದಿಯಾರಿಯೊ’ ಎಂಬ ಪದವಿದೆ. ಇಟಲಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ವಿಷಯಗಳೂ ಸೇರಿರುವ ಒಂದೇ ಪಠ್ಯಪುಸ್ತಕಕ್ಕೆ ಹಾಗೆನ್ನುತ್ತಾರೆ. ಉಣ್ಣುವುದು, ಕುಡಿಯುವುದು ಎರಡಕ್ಕೂ ಒಂದು ಪಠ್ಯಪುಸ್ತಕ ಎಂದು ಹೇಳಿಕೊಂಡ ಹಾಗಾಯಿತು. ಜನರ ಕೈಗೆಟುಕುವ ಬೆಲೆ, ಆ ಸೀಮೆಯದೇ ಅಡುಗೆ, ಮನೆಯಂಥ ಉಪಚಾರ ಇವೇ ಅದರ ಅಳತೆಗೋಲು.

ಸರಿ, ಊಟಕ್ಕೆ ಕೂಡೋಣ. ಪೀಡ್‌ಮಾಂಟಿನ ಊಟ ಒಂದೇ ತಾಟಿನಲ್ಲಿ ಬರುವುದಿಲ್ಲ. ಮೊದಲು ಸಣ್ಣ ಸಣ್ಣ ತಿನಿಸುಗಳು, ಆಮೇಲೆ ಪಾಸ್ತಾ ಅಥವಾ ಅನ್ನದಂಥದ್ದು, ಆಮೇಲೆ ಮಾಂಸ, ಜತೆಗೆ ಪಲ್ಯ, ಕೊನೆಗೆ ಸಿಹಿ. ಎರಡು ತಾಸು ಹಿಡಿದರೂ ಯಾರೂ ಏಳು ಎನ್ನುವುದಿಲ್ಲ. ‘ತಾಯರಿನ್’ ಎಂಬ ತೆಳು ಶಾವಿಗೆಯಂಥ ಪಾಸ್ತಾಕ್ಕೆ ಒಂದು ಕಿಲೊ ಹಿಟ್ಟಿಗೆ ಮೂವತ್ತು ನಲವತ್ತು ಮೊಟ್ಟೆಯ ಹಳದಿ ಹಾಕುವವರಿದ್ದಾರೆ. ‘ಪ್ಲಿನ್’ ಎಂದರೆ ಪೀಡ್‌ಮಾಂಟಿನ ಮಾತಿನಲ್ಲಿ ಚಿವುಟುವುದು. ಹಿಂದಿನ ದಿನ ಮಿಕ್ಕ ಹುರಿದ ಮಾಂಸವನ್ನು ಕೊಚ್ಚಿ ಹಿಟ್ಟಿನ ಹಾಳೆಯಲ್ಲಿಟ್ಟು ಚಿವುಟಿ ಮುಚ್ಚಿದ ಪುಟ್ಟ ಗಂಟುಗಳಿಗೆ ಆ ಹೆಸರು. ಆ ಪದವನ್ನು ಇಟಾಲಿಯನ್ನಿಗೆ ಅನುವಾದಿಸಲು ಯಾರೂ ಹೋಗಿಲ್ಲ. ಮಾಡುವ ಕೈಯ ಕೆಲಸವೇ ಅದರ ಹೆಸರು.

ಇತಿಹಾಸ ಹೆಚ್ಚು ತುಂಬಿರುವುದು ‘ಬಾನ್ಯ ಕೌಡ’ದಲ್ಲಿ. ಬೆಳ್ಳುಳ್ಳಿ, ಉಪ್ಪು ಹಚ್ಚಿದ ಆಂಚೊವಿ ಎಂಬ ಸಣ್ಣ ಮೀನು, ಎಣ್ಣೆ ಈ ಮೂರನ್ನು ಸಣ್ಣ ಉರಿಯಲ್ಲಿ ಕರಗುವವರೆಗೆ ಕಾಯಿಸಿದ ಬಿಸಿ ಗೊಜ್ಜು. ಕೆಳಗೆ ಕೆಂಡವಿಟ್ಟ ಮಣ್ಣಿನ ಗಡಿಗೆಯಲ್ಲಿ ತಂದಿಡುತ್ತಾರೆ. ಕಾಯಿಪಲ್ಯ ಅದ್ದಿಕೊಂಡು ತಿನ್ನುವುದು. ದ್ರಾಕ್ಷಿ ಸುಗ್ಗಿ ಮುಗಿದ ಮೇಲಿನ ಊಟ. ಪೀಡ್‌ಮಾಂಟಿನ ಹೆಮ್ಮೆಯ ಅಡುಗೆ ಇದೇ. ಆದರೆ ನಕಾಶೆ ನೋಡಿ, ಪೀಡ್‌ಮಾಂಟಿಗೆ ಸಮುದ್ರವೇ ಇಲ್ಲ! ಮೀನು ಎಲ್ಲಿಯದು? ಗುಡ್ಡ ದಾಟಿದರೆ ಲಿಗೂರಿಯಾದ ಕರಾವಳಿ. ಅಲ್ಲಿಂದ ಹೇಸರಗತ್ತೆಗಳ ಮೇಲೆ ಉಪ್ಪು ಬರುತ್ತಿತ್ತು, ಉಪ್ಪಿನ ದಾರಿಯಲ್ಲೇ ಮೀನೂ ಎಣ್ಣೆಯೂ ಬಂದವು. ಅದನ್ನು ಊರೂರಿಗೆ ಮಾರುತ್ತಿದ್ದವರು ಆಲ್ಪ್ಸ್ ಪರ್ವತದ ಮಾಯ್ರಾ ಕಣಿವೆಯ ಬಡವರು. ಬೇಸಿಗೆಯಲ್ಲಿ ಸ್ವಂತ ಹೊಲ, ಹಿಮ ಬಿದ್ದ ಮೇಲೆ ಕೈಗಾಡಿಯಲ್ಲಿ ಮೀನಿನ ಪೀಪಾಯಿ ಹೇರಿಕೊಂಡು ಬಯಲುಸೀಮೆಗೆ ಇಳಿಯುವುದು. ಉಪ್ಪಿನ ತೆರಿಗೆ ತಪ್ಪಿಸಲು ಪೀಪಾಯಿಯಲ್ಲಿ ಕೆಳಗೆ ಉಪ್ಪು ತುಂಬಿ ಮೇಲೆ ಮೀನು ಹರಡುತ್ತಿದ್ದರು, ಹಾಗೆ ಮೀನಿನ ವ್ಯಾಪಾರ ಶುರುವಾಯಿತು ಎಂದು ಒಂದು ಕತೆಯನ್ನೂ ಹೇಳುತ್ತಾರೆ. ‘ಈ ಮಣ್ಣಿನದೇ ಊಟ’ ಎಂದು ಕರೆಯುವ ಅಡುಗೆಯ ಜೀವ ಹೊರಗಿನಿಂದ ಬಂದದ್ದು, ತಂದವರು ವಲಸೆ ಬದುಕಿನ ಜನ. ಗುಳೆ ಹೋಗುವವರನ್ನು ಕಂಡ ಸೀಮೆಯವರು ನಾವು, ನಮಗೆ ಇದು ಆಶ್ಚರ್ಯವೆನಿಸಬಾರದು.

ಇನ್ನೊಂದು ತಾಟು ‘ಪೊಲೆಂತಾ’. ಗೋವಿನಜೋಳದ ಹಿಟ್ಟನ್ನು ನೀರಿನಲ್ಲಿ ಮುಕ್ಕಾಲು ತಾಸು ಗೊಟಾಯಿಸಿ ಮಾಡುವುದು, ಸಂಗಟಿಯ ಹಾಗೆ. ಈಗ ಇದನ್ನು ರುಚಿಯ ಊಟವೆಂದು ಹೊಗಳುತ್ತಾರೆ. ಆದರೆ ಇದರ ಇತಿಹಾಸ ಕಣ್ಣೀರಿನದು. ಗೋವಿನಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ಸನ ನಂತರ ಯುರೋಪಿಗೆ ಬಂತು. ಹೆಚ್ಚು ಬೆಳೆಯುತ್ತದೆಂದು ಉತ್ತರ ಇಟಲಿಯ ಜಮೀನ್ದಾರರು ಒಕ್ಕಲಿಗರಿಗೆ ಅದನ್ನೇ ಕೊಟ್ಟರು, ಗೋದಿಯನ್ನು ಮಾರಿದರು. ಮೂರು ಹೊತ್ತೂ ಪೊಲೆಂತಾ ಉಂಡವರಿಗೆ ಚರ್ಮ ಒರಟಾಗಿ ಬಿರಿಯುವ, ಭೇದಿಯಾಗುವ, ಕೊನೆಗೆ ಬುದ್ಧಿಭ್ರಮಣೆಯಾಗುವ ರೋಗ ತಗಲಿತು. ಮಿಲಾನಿನ ವೈದ್ಯ ಫ್ರಾಪೊಲ್ಲಿ 1771ರಲ್ಲಿ ಅದನ್ನು ‘ಪೆಲ್ಲಾಗ್ರಾ’ ಎಂದು ಕರೆದ. ಒರಟು ಚರ್ಮ ಎಂದರ್ಥ. 1881ರ ಎಣಿಕೆಯಲ್ಲಿ ಇಟಲಿಯಲ್ಲಿ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಕಾರಣ ಎಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಮೆಕ್ಸಿಕೊದ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಅದೇ ಕಾಳು ತಿಂದರೂ ಅವರಿಗೆ ಈ ರೋಗ ಹೀಗೆ ಕಾಡಿರಲಿಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆಮೇಲೆ ಅರೆಯುತ್ತಿದ್ದರು. ಆಗ ಆ ಜೀವಸತ್ವ ಮೈಗೆ ಹತ್ತುವಂತಾಗುತ್ತದೆ. ಹಡಗಿನಲ್ಲಿ ಕಾಳು ಬಂತು, ಅದನ್ನು ಬಲ್ಲ ಹೆಂಗಸರ ಅಡುಗೆಯ ತಿಳಿವಳಿಕೆ ಬರಲಿಲ್ಲ. ಈ ಪಾಠವನ್ನು ವಿಜ್ಞಾನದವರು ಕಲಿಸಬೇಕೋ ಸಮಾಜದವರೋ ಎಂದು ಕೇಳಿದರೆ ಇಬ್ಬರೂ ಎನ್ನುತ್ತೇನೆ.

ಬ್ರಾ ಇರುವ ಕೂನೆಯೊ ಜಿಲ್ಲೆಯವರೇ ಆದ ನೂತೊ ರೆವೆಲ್ಲಿ ಎಂಬ ಲೇಖಕರು ಹಳ್ಳಿಹಳ್ಳಿ ತಿರುಗಿ ಬಡ ಒಕ್ಕಲಿಗರ ಬಾಯಿಮಾತನ್ನು ಟೇಪಿನಲ್ಲಿ ಹಿಡಿದು 1977ರಲ್ಲಿ ‘ಸೋತವರ ಲೋಕ’ ಎಂಬ ಅರ್ಥದ ಹೆಸರಿನ ಪುಸ್ತಕ ತಂದರು. ಹಸಿವು, ಸಾಲ, ಮಕ್ಕಳನ್ನು ದುಡಿಯಲು ಕಳಿಸಿದ್ದು, ಖಾಲಿಯಾದ ಮನೆಗಳು ಅದರಲ್ಲಿವೆ. ನಿಧಾನದ ಊಟದ ಬಗ್ಗೆ ಓದುವವರು ಈ ಪುಸ್ತಕದ ಸಂಗತಿಯನ್ನೂ ತಿಳಿದಿರಬೇಕು. ಅಜ್ಜಿಯ ಅಡುಗೆ ಎಂದು ಹಾಡಿ ಹೊಗಳುವ ಎಷ್ಟೋ ಅಜ್ಜಿಯರಿಗೆ ನಲವತ್ತು ಮೊಟ್ಟೆಯ ಪಾಸ್ತಾ ಮದುವೆ, ಹಬ್ಬಗಳ ಹೊರತು ಕಂಡದ್ದಿಲ್ಲ.

ಹಾಗಾದರೆ ಸಂಪ್ರದಾಯ ಎಂಬುದು ಸುಳ್ಳೇ? ಪಾರ್ಮಾ ವಿಶ್ವವಿದ್ಯಾಲಯದ ಇತಿಹಾಸಕಾರ ಆಲ್ಬೆರ್ತೊ ಗ್ರಾಂದಿ 2018ರ ತಮ್ಮ ಪುಸ್ತಕದಲ್ಲಿ ಹೆಚ್ಚು ಕಡಿಮೆ ಹೌದೆನ್ನುತ್ತಾರೆ. ಇಟಲಿಯ ‘ಪುರಾತನ’ ಅಡುಗೆಗಳಲ್ಲಿ ಬಹಳಷ್ಟು ಕಳೆದ ಅರ್ಧ ಶತಮಾನದ ಜಾಹೀರಾತಿನವರು ಕಟ್ಟಿದ್ದು ಎಂದು ಅವರ ವಾದ. ರೋಮಿನ ಹೆಸರಾಂತ ಕಾರ್ಬೊನಾರಾ ಪಾಸ್ತಾ ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಅಡುಗೆ ಪುಸ್ತಕಗಳಲ್ಲಿ ಸಿಗುವುದಿಲ್ಲ ಎಂಬುದು ನಿಜ. ತಿರಾಮಿಸು ಎಂಬ ಸಿಹಿ ಪ್ರಸಿದ್ಧಿಗೆ ಬಂದದ್ದು 1970ರ ನಂತರ ಎಂಬುದೂ ನಿಜ. ಟೊಮ್ಯಾಟೊ ಕೂಡ ಹೊರಗಿನದು, ಅದರ ಸಾಸ್ ಮಾಡುವ ವಿಧಾನ ನೇಪಲ್ಸಿನಲ್ಲಿ 1690ರ ದಶಕದಲ್ಲಿ ಅಚ್ಚಾದಾಗ ಅದಕ್ಕೆ ‘ಸ್ಪೇನ್ ರೀತಿಯದು’ ಎಂದೇ ಹೆಸರಿತ್ತು. ಗ್ರಾಂದಿಯವರ ಆಧಾರಗಳನ್ನು ಒಪ್ಪಬಹುದು, ತೀರ್ಮಾನವನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಹಳೆಯದು ಎಂಬ ಕಾರಣಕ್ಕೆ ಅಡುಗೆ ಉಳಿಯಬೇಕಾಗಿಲ್ಲ. ಅದನ್ನು ಬೆಳೆಯುವವನು, ಮಾಡುವವಳು, ಕರೆಯುವ ಮಾತು ಈ ಮೂರೂ ಒಂದೇ ಜಾಗದಲ್ಲಿ ಜೀವಂತ ಇವೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಪೆತ್ರೀನಿಯವರು 2005ರ ತಮ್ಮ ಪುಸ್ತಕದಲ್ಲಿ ಒಂದು ಸಂಗತಿ ಹೇಳಿದ್ದಾರೆ. 1996ರಲ್ಲಿ ಆಸ್ತಿ ಎಂಬ ಊರಿನ ಬಳಿ ಪರಿಚಯದವರ ಖಾನಾವಳಿಯಲ್ಲಿ ದೊಣ್ಣೆಮೆಣಸಿನಕಾಯಿಯ ಪಲ್ಯ ಉಂಡರಂತೆ. ಹಿಂದೆ ಅಲ್ಲಿ ಎಷ್ಟೋ ಸಲ ಉಂಡದ್ದೇ. ಈ ಸಲ ರುಚಿಯೇ ಇಲ್ಲ. ಕೇಳಿದರೆ, ಕಾಯಿ ಹಾಲೆಂಡಿನಿಂದ ಬರುತ್ತದೆ, ಅಗ್ಗ, ಎಲ್ಲ ಒಂದೇ ಅಳತೆ, ಬಹಳ ದಿನ ಕೆಡುವುದಿಲ್ಲ ಎಂದರು. ಆಸ್ತಿಯ ಚೌಕ ಮೆಣಸಿನಕಾಯಿಗೆ ಹೆಸರಾದ ಸೀಮೆ ಅದು! ಹಾಗಾದರೆ ಇಲ್ಲಿಯ ಹೊಲಗಳಲ್ಲಿ ಈಗ ಏನು ಬೆಳೆಯುತ್ತೀರಿ ಎಂದು ರೈತನನ್ನು ಕೇಳಿದರೆ ಬಂದ ಉತ್ತರ: ಟ್ಯುಲಿಪ್ ಹೂವಿನ ಗಡ್ಡೆ, ಹಾಲೆಂಡಿಗೆ ಕಳಿಸಲು. ಜಾಗತೀಕರಣ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. 1996ರಲ್ಲೇ ಸ್ಲೋ ಫುಡ್‌ನವರು ಮರೆಯಾಗುತ್ತಿರುವ ತಳಿ, ತಿನಿಸುಗಳ ಪಟ್ಟಿ ಮಾಡಲು ಶುರುಮಾಡಿದರು.

ಇನ್ನೊಂದು ಊಟದ ಮನೆಗೆ ಹೋಗಿ ಬರೋಣ, ನಮ್ಮಂಥ ಶಾಲೆಗಳವರು ನೋಡಲೇಬೇಕಾದದ್ದು. ಇಟಲಿಯ ಉತ್ತರ ತುದಿಯ ದಕ್ಷಿಣ ಟಿರೋಲ್ ಜರ್ಮನ್ ಮಾತಿನ ಸೀಮೆ. ಮೊದಲ ಮಹಾಯುದ್ಧದ ನಂತರ ಗಡಿ ಸರಿದು ಅದು ಇಟಲಿಗೆ ಸೇರಿತು, ಜನ ಇದ್ದಲ್ಲೇ ಇದ್ದರು. ಅಲ್ಲಿಯ ಊಟದ ಪಟ್ಟಿ ಈಗ ಎರಡು ಭಾಷೆಯಲ್ಲಿರುತ್ತದೆ. ಹಳಸಿದ ಬ್ರೆಡ್ಡನ್ನು ಹಾಲು, ಮೊಟ್ಟೆಯಲ್ಲಿ ಕಲಸಿ ಬೇಯಿಸಿದ ಉಂಡೆಗೆ ಒಂದು ಕಡೆ ‘ಕ್ನೋಡೆಲ್’, ಇನ್ನೊಂದು ಕಡೆ ‘ಕನೆದೆರ್ಲಿ’. ಆ ಸೀಮೆಯ ಹೊಹೆಪ್ಪಾನ್ ಕೋಟೆಯ ಪ್ರಾರ್ಥನಾ ಮಂದಿರದಲ್ಲಿ ಸುಮಾರು 1200ರ ಭಿತ್ತಿಚಿತ್ರವೊಂದಿದೆ, ಅದರಲ್ಲಿ ಒಬ್ಬ ಹೆಂಗಸು ಇಂಥ ಉಂಡೆ ತಿನ್ನುತ್ತಿದ್ದಾಳೆ. ಎರಡು ಭಾಷೆಯ ಈ ಪಟ್ಟಿ ಸುಮ್ಮನೆ ಬಂದದ್ದಲ್ಲ. 1923ರಿಂದ ಮುಸೊಲಿನಿಯ ಸರ್ಕಾರ ಶಾಲೆಗಳಲ್ಲಿ ಜರ್ಮನ್ನನ್ನು ಒಂದೊಂದು ತರಗತಿಯಾಗಿ ತೆಗೆದುಹಾಕಿತು, ಊರುಗಳ ಹೆಸರು ಬದಲಿಸಿತು, ಶಿಕ್ಷಕರನ್ನು ಕೆಲಸದಿಂದ ತೆಗೆಯಿತು. ಆಗ ಹಳ್ಳಿಯವರು ಒಕ್ಕಲಮನೆಗಳಲ್ಲಿ, ಕೊಟ್ಟಿಗೆಯ ಅಟ್ಟದ ಮೇಲೆ ಗುಟ್ಟಾಗಿ ಪಾಠ ನಡೆಸಿದರು. ‘ನೆಲಗವಿಯ ಶಾಲೆ’ ಎಂದು ಅವಕ್ಕೆ ಹೆಸರು. ಆಂಗೆಲಾ ನಿಕೊಲೆಟ್ಟಿ ಎಂಬ ಯುವತಿ ಇಂಥ ಒಂದು ಶಾಲೆಯಲ್ಲಿ ಕಲಿಸಿದ್ದಕ್ಕೆ ಜೈಲು ಕಂಡಳು. ಕ್ಷಯರೋಗದಿಂದ 1930ರಲ್ಲಿ ತೀರಿಕೊಂಡಾಗ ಅವಳ ವಯಸ್ಸು ಇಪ್ಪತ್ತೈದು. 1946ರ ಒಪ್ಪಂದದಿಂದ ಜರ್ಮನ್ ಶಾಲೆಗಳಿಗೆ ಹಕ್ಕು ಸಿಕ್ಕಿತು, 1972ರ ಸ್ವಾಯತ್ತತೆಯ ಕಾಯ್ದೆ ಅದನ್ನು ಇನ್ನೂ ಗಟ್ಟಿ ಮಾಡಿತು. ಅಲ್ಲಿ ರೈತರು ತಮ್ಮ ಮನೆಯಲ್ಲೇ ನಡೆಸುವ ಸುಗ್ಗಿಕಾಲದ ಊಟದ ಮನೆಗೆ ‘ಬುಶೆನ್‌ಶಾಂಕ್’ ಎನ್ನುತ್ತಾರೆ. ಬಾಗಿಲಿಗೆ ಕಟ್ಟುವ ಹಸಿರು ಟೊಂಗೆಯಿಂದ ಬಂದ ಹೆಸರು. ಹಳೆಯ ಒಸ್ತೆರಿಯಾದ ಅದೇ ಟೊಂಗೆ!

ಮುಂದಿನದು ಬೇಗ ಹೇಳಿಬಿಡುತ್ತೇನೆ. 2004ರಲ್ಲಿ ಟ್ಯೂರಿನ್ನಿನಲ್ಲಿ ‘ತೆರ್ರಾ ಮಾದ್ರೆ’ (ಭೂಮಿತಾಯಿ) ಎಂಬ ಸಮ್ಮೇಳನಕ್ಕೆ 130 ದೇಶಗಳಿಂದ ಸುಮಾರು ಐದು ಸಾವಿರ ರೈತರು, ಮೀನುಗಾರರು, ಕುಶಲಕರ್ಮಿಗಳು ಬಂದರು. ಅದೇ ವರ್ಷ ಬ್ರಾ ಬಳಿಯ ಪೊಲ್ಲೆಂಜೊದಲ್ಲಿ, ನಮ್ಮ ಪಾಠದಲ್ಲಿ ಬರುವ ರಾಜ ಕಾರ್ಲೊ ಆಲ್ಬೆರ್ತೊನ ಹಳೆಯ ಕಟ್ಟಡಗಳಲ್ಲಿ ಆಹಾರ ವಿಜ್ಞಾನದ ವಿಶ್ವವಿದ್ಯಾಲಯ ತೆರೆಯಿತು. 2015ರಲ್ಲಿ ಮೂಲನಿವಾಸಿಗಳ ತೆರ್ರಾ ಮಾದ್ರೆ ನಮ್ಮ ಮೇಘಾಲಯದ ಶಿಲ್ಲಾಂಗ್‌ನಲ್ಲಿ ನಡೆಯಿತು. 2025ರ ಡಿಸೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ ಯುನೆಸ್ಕೊ ಸಭೆ ಇಟಲಿಯ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಸೇರಿದ್ದೂ ಅದೇ ಸಭೆಯಲ್ಲಿ. ಬಡವರ ಪೊಲೆಂತಾ ಹೀಗೆ ಪರಂಪರೆಯಾಯಿತು, ಜತೆಗೆ ದುಬಾರಿಯೂ ಆಯಿತು. ನಿಧಾನದ ಊಟ ಹಣವುಳ್ಳವರ ಶೋಕಿ ಎಂಬ ಟೀಕೆ ಸುಮ್ಮನೆ ಹುಟ್ಟಿದ್ದಲ್ಲ. ಪೆತ್ರೀನಿಯವರು ಆಹಾರ ಒಳ್ಳೆಯದು, ಶುಚಿಯಾದದ್ದು ಆದರೆ ಸಾಲದು, ಬೆಳೆದವನಿಗೂ ಕೊಳ್ಳುವವನಿಗೂ ನ್ಯಾಯವಾಗಿರಬೇಕು ಎಂದು ಮೂರನೆಯ ಮಾತು ಸೇರಿಸಿದ್ದು ಅದಕ್ಕೇ ಇರಬೇಕು.

ಊಟ ಮುಗಿದ ಮೇಲೆ ಬಿಲ್ ಬರುತ್ತದೆ. ಅದರಲ್ಲಿ ತಿಂದ ಪದಾರ್ಥಗಳ ಜತೆ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಬೇರೆಯಾಗಿ ಹಾಕಿರುತ್ತಾರೆ. ತಟ್ಟೆ, ಮೇಜಿನ ಅರಿವೆ, ಬ್ರೆಡ್ಡಿನ ಬಾಬತ್ತು. ಹೊರದೇಶದ ಪ್ರವಾಸಿಗರು ಇದನ್ನು ಮೋಸವೆಂದು ಜಗಳಕ್ಕಿಳಿಯುವುದುಂಟು. ಬುತ್ತಿ ಕಟ್ಟಿಕೊಂಡು ಬಂದವರು ಕೂತ ಜಾಗಕ್ಕೆಂದು ಒಸ್ತೆರಿಯಾದ ಯಜಮಾನನಿಗೆ ಕೊಡುತ್ತಿದ್ದ ಕಾಸಿನ ಉಳಿಕೆ ಅದು ಎಂದು ಹೇಳುತ್ತಾರೆ. ರೋಮ್ ಇರುವ ಲಾತ್ಸಿಯೊ ಪ್ರಾಂತದಲ್ಲಿ 2006ರ ಕಾಯ್ದೆ ಕೊಪೆರ್ತೊ ಹಾಕಬಾರದು ಎಂದಿತು. ಬ್ರೆಡ್ಡಿಗೆ ಮಾತ್ರ ಹಣ ಕೇಳಬಹುದು.